ನಾಯಿಗೂ ಒಂದು ಅರವಟ್ಟಿಗೆ

ಮುಂಬಯಿಯ ಹೊರವಲಯದ ಡೊಂಬಿವಲಿಯ ಪೂರ್ವಭಾಗದಲ್ಲಿ ನಾನು ವಾಸವಾಗಿರುವ ಕಟ್ಟಡದ ಹಿಂದೆ, ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾಗುವಷ್ಟು ಇಕ್ಕಟ್ಟಾದ ಒಂದು ಓಣಿಯಿದೆ. ಅದರ ಮೇಲ್ಗಡೆ ಸಾಲುಸಾಲಾಗಿ ತೂಗುಹಾಕಿರುವ ಏಸಿ ಯಂತ್ರಗಳು ಚೈತ್ರದಿಂದ ಮೊದಲ್ಗೊಂಡು ಮೃಗಶಿರೆಯ ಮಳೆ ಬೀಳುವವರೆಗೆ ಹಗಲಿರುಳೂ ಬಿಸಿಗಾಳಿಯನ್ನು ಹೊರಕ್ಕೆ ನೂಕುತ್ತಿರುತ್ತವೆ. ಅವುಗಳಲ್ಲೊಂದರ ಕೊಳವೆಯಿಂದ ನೀರು ಹನಿಹನಿಯಾಗಿ ಸೋರಿ, ಕೆಳಗಿನ ಪೇವರ್ ಬ್ಲಾಕುಗಳ ಮೇಲೆ ಒಂದು ಮೊರದಷ್ಟು ಅಗಲದ ಜಾಗ ಸದಾ ಒದ್ದೆಯಾಗಿರುತ್ತದೆ. ಕಳೆದ ಏಪ್ರಿಲಿನ ಒಂದು ಮಧ್ಯಾಹ್ನ, ಎರಡು ಗಂಟೆಯ ವೇಳೆಗೆ ಅಡುಗೆಮನೆಯ ಕಿಟಕಿಯಿಂದ ನೋಡಿದಾಗ, ಕಿವಿಯ ಅಂಚಿನಲ್ಲಿ ಕಚ್ಚು ಹಾಕಿಸಿಕೊಂಡಿದ್ದ, ಎಂದರೆ ಹಿಡಿದು ಸಂತಾನಹರಣ ಚಿಕಿತ್ಸೆ ಮಾಡಿ ಬಿಟ್ಟಿದ್ದ, ಒಂದು ಕಂದುನಾಯಿ ಆ ಒದ್ದೆಯ ಮೇಲೆ ಹೊಟ್ಟೆಯನ್ನೊತ್ತಿ, ಹಿಂಗಾಲುಗಳೆರಡನ್ನೂ ಕಪ್ಪೆಯಂತೆ ಹಿಂದಕ್ಕೆ ಚಾಚಿ ಮಲಗಿತ್ತು. ತುಸು ಹೊತ್ತಿಗೊಮ್ಮೆ ಎದ್ದು, ತನ್ನ ಮೈಬಿಸಿಯಿಂದ ಒಣಗಿಹೋದ ನೆಲವನ್ನು ಮೂಸಿ, ಮತ್ತೆರಡು ಹನಿ ಬೀಳುವವರೆಗೆ ಕಾದು, ಪುನಃ ಅಲ್ಲಿಯೇ ಮೈಚಾಚುತ್ತಿತ್ತು. ಮನೆಯೊಳಗಿನವರ ಸೆಕೆಯನ್ನೆಲ್ಲ ಬೀದಿಗೆ ಸುರಿಯುವ ಯಂತ್ರದಿಂದ ಆ ಪ್ರಾಣಿಗೆ ದೊರೆತ ಪಾಲು ಅಷ್ಟೆ.

ಈ ಕಡಲಂಚಿನ ಪ್ರದೇಶದಲ್ಲಿ ಬೇಸಗೆಯ ಮಾತು ಬಂದಾಗಲೆಲ್ಲ, ವಿದರ್ಭದ ನಲವತ್ತೈದು ಡಿಗ್ರಿಗಳನ್ನೋ ಕಲಬುರಗಿ ರಾಯಚೂರುಗಳ ಉರಿಯನ್ನೋ ನೆನೆದು, ‘ನಮ್ಮದು ಅಷ್ಟೇನಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವುದು ನಮಗೆ ರೂಢಿಯಾಗಿದೆ. ಈ ಸಮಾಧಾನ ಮನುಷ್ಯರ ವಿಷಯದಲ್ಲಿಯೇ ಅಪಾಯಕರವಾದುದು. ನಾಯಿಯ ವಿಷಯದಲ್ಲಂತೂ ಪ್ರಾಣಾಂತಿಕವಾದುದು. ಭಾರತೀಯ ಹವಾಮಾನ ಇಲಾಖೆಯು ಉಷ್ಣ ಅಲೆಯ ಹೊಸ್ತಿಲನ್ನು ಬಯಲುಸೀಮೆಗೆ ೪೦ ಡಿಗ್ರಿಯೆಂದು ಗೊತ್ತುಮಾಡಿ, ಕರಾವಳಿಗೆ ಬರುವಾಗ ಅದನ್ನು ೩೭ಕ್ಕೆ ಇಳಿಸಿರುವುದನ್ನು ನಾವು ಗಮನವಿಟ್ಟು ನೋಡಬೇಕು. ಮೇಲಾಗಿ, ನಮ್ಮ ಊರುಗಳು ಕರಾವಳಿಯ ತೇವವನ್ನೂ ಒಳನಾಡಿನ ಕಾವನ್ನೂ ಒಟ್ಟಿಗೆ ಹೊತ್ತಿರುವಂಥವು. ಮಧ್ಯಾಹ್ನದ ಹೊತ್ತಿಗೆ ಅರಬ್ಬೀ ಸಮುದ್ರದಿಂದ ಬೀಸಬೇಕಾದ ಗಾಳಿ, ಪೂರ್ವದಿಂದ ಬರುವ ಒಣಗಾಳಿ ಬಲವಾಗಿದ್ದ ದಿನ ತಡವಾಗಿ ಹೊರಡುತ್ತದೆ. ಕೊಲಾಬಾದವರ ಬೆವರನ್ನು ಆರಿಸಿದ ಆ ಗಾಳಿ, ಅಷ್ಟೂ ಕಾಂಕ್ರೀಟನ್ನು ಸವರಿಕೊಂಡು, ಪಾರಸಿಕ ಬೆಟ್ಟವನ್ನು ದಾಟಿ, ದಿವಾ ಡೊಂಬಿವಲಿ ಕಲ್ಯಾಣಗಳನ್ನು ಮುಟ್ಟುವಷ್ಟರಲ್ಲಿ ಅದರಲ್ಲಿ ಉಳಿದಿರುವುದು ತೇವವೇ ಹೊರತು ತಂಪಲ್ಲ.

ನಾಯಿಗೆ ಈ ತೇವವೇ ಶತ್ರು. ನಮ್ಮ ಚರ್ಮವೆಲ್ಲ ಬೆವರುತ್ತದೆ. ಗಾಳಿಗೆ ಆ ಬೆವರು ಆರಿದಂತೆ ಮೈ ತಣಿಯುತ್ತದೆ. ನಾಯಿಗಾದರೋ ಬೆವರಿನ ಗ್ರಂಥಿಗಳು ಇರುವುದು ಮುಖ್ಯವಾಗಿ ಅಂಗಾಲುಗಳಲ್ಲಿ ಮಾತ್ರ. ಅದು ತನ್ನ ದೇಹದ ತಾಪವನ್ನು ಕಳೆದುಕೊಳ್ಳಬೇಕಾದರೆ ನಾಲಗೆಯನ್ನು ಹೊರಚಾಚಿ ತೇಕುತ್ತ, ಬಾಯಿ ಮೂಗುಗಳ ಒಳಗಿನ ತೇವವನ್ನು ಆವಿಯಾಗಿಸುವುದೊಂದೇ ಅದಕ್ಕಿರುವ ಸಮರ್ಥವಾದ ಉಪಾಯ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಲ ಉಸಿರಾಡುವ ಪ್ರಾಣಿ ತೇಕುವಾಗ ಮುನ್ನೂರು ಸಲಕ್ಕೂ ಮೀರಿ ಉಸಿರಾಡಬಲ್ಲದು. ಆದರೆ ಸುತ್ತಲಿನ ಗಾಳಿಯೇ ನೀರಿನಿಂದ ತುಂಬಿರುವಾಗ ನಾಲಗೆಯ ಮೇಲಿನ ನೀರು ಎಲ್ಲಿಗೆ ಆರಿಹೋದೀತು? ತೇಕಿದಷ್ಟೂ ಶ್ರಮ ಹೆಚ್ಚಿ, ಶ್ರಮದಿಂದ ಮೈಯ ಕಾವೇ ಏರುತ್ತದೆ. ನಾಯಿಯ ಸಹಜವಾದ ಉಷ್ಣತೆ ೩೮.೩ರಿಂದ ೩೯.೨ ಡಿಗ್ರಿ, ೪೧ನ್ನು ದಾಟಿತೆಂದರೆ ಮರಾಠಿ ಪತ್ರಿಕೆಗಳು ಉಷ್ಮಾಘಾತವೆಂದು ಕರೆಯುವ ಸ್ಥಿತಿ ಒದಗಿ, ಕರುಳು, ಮೂತ್ರಪಿಂಡ, ಮಿದುಳುಗಳು ಒಂದೊಂದಾಗಿ ಕೆಡಲಾರಂಭಿಸುತ್ತವೆ. ಬದುಕಿಗೂ ಸಾವಿಗೂ ನಡುವೆ ಇರುವ ಅಂತರ ಎರಡು ಡಿಗ್ರಿಗಳಿಗಿಂತಲೂ ಕಡಿಮೆ.

ತೇವದ ಕಾವು ಎಂಥದೆಂಬುದನ್ನು ನವಿ ಮುಂಬಯಿಯ ಖಾರ್ಘರ್ ನಮಗೆಲ್ಲ ತೋರಿಸಿಕೊಟ್ಟಿದೆ. ೨೦೨೩ರ ಏಪ್ರಿಲ್ ೧೬ರಂದು ಅಲ್ಲಿನ ಬಯಲಿನಲ್ಲಿ ಮಹಾರಾಷ್ಟ್ರಭೂಷಣ ಪ್ರಶಸ್ತಿಪ್ರದಾನದ ಸಮಾರಂಭ ನಡೆದಾಗ, ನೆರಳಿಲ್ಲದೆ ಗಂಟೆಗಟ್ಟಲೆ ಕುಳಿತಿದ್ದ ಜನರಲ್ಲಿ ಹದಿನಾಲ್ಕು ಮಂದಿ ಪ್ರಾಣ ನೀಗಿದರು. ಸಮೀಪದ ಹವಾಮಾನ ಕೇಂದ್ರದಲ್ಲಿ ಆ ದಿನ ದಾಖಲಾದ ಉಷ್ಣತೆ ಸುಮಾರು ೩೮ ಡಿಗ್ರಿ. ಮೈಯೆಲ್ಲ ಬೆವರಬಲ್ಲ ಮನುಷ್ಯನ ಗತಿಯೇ ಹೀಗಾದರೆ, ರೋಮದ ಕಂಬಳಿಯನ್ನು ಹೊದ್ದು ನಾಲಗೆಯೊಂದನ್ನೇ ನಂಬಿರುವ ಜೀವಿಯ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದ ಧಾರವಾಡದ ಕಡೆಯ ಕುಟುಂಬವೊಂದು ಒಂದು ಪಗ್ ನಾಯಿಯನ್ನು ಸಾಕಿಕೊಂಡಿತ್ತು. ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದು ಹೊರಟುಹೋಗುವವರು. ನಾಯಿಯನ್ನು ತಿರುಗಾಡಿಸಲು ಗೊತ್ತುಮಾಡಿದ್ದ ಹುಡುಗ ನಾಲ್ಕಾರು ಮನೆಗಳ ನಾಯಿಗಳನ್ನು ಮುಗಿಸಿಕೊಂಡು ಇಲ್ಲಿಗೆ ಬರುವಷ್ಟರಲ್ಲಿ ಹತ್ತೂವರೆಯಾಗುತ್ತಿತ್ತು. ಎರಡು ವರ್ಷಗಳ ಹಿಂದೆ, ಮೇ ತಿಂಗಳ ಮೊದಲ ವಾರದಲ್ಲಿ, ಅರ್ಧಗಂಟೆಯ ತಿರುಗಾಟ ಮುಗಿಸಿ ಬಂದ ಆ ನಾಯಿ ಲಿಫ್ಟಿನ ಬಾಗಿಲಲ್ಲಿಯೇ ಕುಸಿಯಿತು. ರಜೆಯಾದ್ದರಿಂದ ಮನೆಯಲ್ಲಿದ್ದ ಹತ್ತು ವರ್ಷದ ಮಗಳು ಬರಿಗಾಲಿನಲ್ಲಿ ಓಡಿಬಂದು, “ಅಜ್ಜಾರ, ಗುಂಡ್ಯಾ ಏಳವಲ್ಲ ನೋಡ್ರಿ” ಎಂದಳು. ನಾನು ಹೋಗಿ ನೋಡಿದಾಗ ಅದರ ಒಸಡು ಇಟ್ಟಿಗೆಯಂತೆ ಕೆಂಪಾಗಿತ್ತು. ಬಾಯಿಯಿಂದ ಅಂಟಂಟಾದ ಜೊಲ್ಲು ಇಳಿಯುತ್ತಿತ್ತು. ಕಣ್ಣು ತೆರೆದಿದ್ದರೂ ನೋಟ ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಏನು ಮಾಡಬೇಕೆಂಬುದು ನಮಗಾರಿಗೂ ಗೊತ್ತಿರಲಿಲ್ಲ. ಒಂದು ದಪ್ಪನೆಯ ಟವೆಲನ್ನು ಒದ್ದೆಮಾಡಿ ಅದಕ್ಕೆ ಸುತ್ತಿ, ರಿಕ್ಷಾದಲ್ಲಿ ಹಾಕಿಕೊಂಡು, ಕಲ್ಯಾಣ–ಶೀಳ್ ರಸ್ತೆಯ ವಾಹನದಟ್ಟಣೆಯಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡು, ವೈದ್ಯರ ಮೇಜಿನ ಮೇಲೆ ಮಲಗಿಸುವ ವೇಳೆಗೆ ಆ ಮೈಯಲ್ಲಿ ಜೀವವಿರಲಿಲ್ಲ. ವೈದ್ಯರು ಸೌಮ್ಯವಾಗಿಯೇ ಹೇಳಿದರು: ಹೊರಡುವುದಕ್ಕೆ ಮೊದಲು ಅಲ್ಲಿಯೇ ಎರಡು ಬಕೆಟ್ ನೀರನ್ನು ಮೈಮೇಲೆ ಸುರಿದು ಗಾಳಿ ಬೀಸಿದ್ದರೆ ಉಳಿಯುವ ಸಂಭವವಿತ್ತು, ಸುತ್ತಿದ ಟವೆಲು ಬೇಗನೆ ಬಿಸಿಯಾಗಿ ಕಾವನ್ನು ಒಳಗೇ ತಡೆಹಿಡಿದಿತ್ತು.

ಆ ಮಾತನ್ನು ಅಂದಿನಿಂದ ನಾನು ಕಂಡವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ನಲ್ಲಿಯ ನೀರು ಸಾಕು. ಕತ್ತಿನಿಂದ ಹೊಟ್ಟೆ ತೊಡೆಗಳವರೆಗೆ, ರೋಮದ ಬುಡದ ಚರ್ಮ ನೆನೆಯುವಂತೆ ಮೇಲಿಂದ ಮೇಲೆ ಸುರಿಯುತ್ತಿರಬೇಕು, ಜೊತೆಗೆ ಫ್ಯಾನಿನ ಗಾಳಿ ಬೇಕು. ಪ್ರಜ್ಞೆ ತಪ್ಪಿದ ಪ್ರಾಣಿಯ ಬಾಯಿಗೆ ನೀರನ್ನು ಹೊಯ್ಯಕೂಡದು, ಅದು ಶ್ವಾಸಕೋಶಕ್ಕೆ ಇಳಿದೀತು. ಉಸಿರು ಹತೋಟಿಗೆ ಬಂದು, ಎದ್ದು ನಿಂತು, ನೀರು ಕುಡಿದರೂ ಸಹ ಅದನ್ನು ವೈದ್ಯರಲ್ಲಿಗೆ ಒಯ್ಯತಕ್ಕುದೇ ಸರಿ. ಏಕೆಂದರೆ ಒಳಗಿನ ಅಂಗಗಳಿಗಾದ ಹಾನಿ ಹೊರಗೆ ಕಾಣಿಸುವುದಕ್ಕೆ ಒಂದೆರಡು ದಿನಗಳೇ ಹಿಡಿಯಬಹುದು.

ಆದರೆ ಗುಂಡನ ಸಾವಿಗೆ ಮೂಲಕಾರಣ ಆ ದಿನದ ಬಿಸಿಲಷ್ಟೇ ಅಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಮೂತಿಯೇ ಇಲ್ಲದಂತೆ ತಳಿಯೆಬ್ಬಿಸಿದ ಪ್ರಾಣಿಗೆ ತೇಕುವುದಕ್ಕೆ ಬೇಕಾದ ಅವಕಾಶವೇ ಇರುವುದಿಲ್ಲ. ಮೂಗಿನ ಹೊಳ್ಳೆ ಕಿರಿದು, ಮೇಲಂಗುಳ ಉದ್ದವಾಗಿ ಗಂಟಲಿಗೆ ಅಡ್ಡ ಬಂದಿರುತ್ತದೆ. ಪಗ್, ಬುಲ್‌ಡಾಗ್, ಶಿಟ್ಜುಗಳ ಗೊರಕೆಯನ್ನು ನಾವು ಮುದ್ದೆಂದು ಭಾವಿಸುತ್ತೇವೆ, ಅದು ಉಸಿರಿಗಾಗಿ ಅವು ನಡೆಸುವ ಹೋರಾಟ. ೨೦೦೩ರಲ್ಲಿ ಹಚ್ ಎಂಬ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನೊಬ್ಬನನ್ನು ಹೋದಲ್ಲೆಲ್ಲ ಹಿಂಬಾಲಿಸಿದ ಪಗ್ ದೇಶದ ಮನೆಮನೆಗಳನ್ನು ಹೊಕ್ಕಿತು; ಈಚೆಗೆ ಥಾಣೆಯ ಘೋಡ್‌ಬಂದರ್ ರಸ್ತೆಯ ಎತ್ತರದ ಕಟ್ಟಡಗಳಲ್ಲಿಯೂ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿಯೂ ಸೈಬೀರಿಯದ ಹಿಮದಲ್ಲಿ ಗಾಡಿ ಎಳೆಯುವುದಕ್ಕೆಂದು ಎರಡು ಪದರಗಳ ರೋಮ ಹೊತ್ತು ಹುಟ್ಟಿದ ಹಸ್ಕಿಗಳು ಕಾಣಸಿಗುತ್ತಿವೆ. ಬೇಸಗೆ ಬಂತೆಂದು ಇಂಥವುಗಳ ರೋಮವನ್ನು ಬೋಳಿಸುವವರೂ ಇದ್ದಾರೆ, ಅದು ತಪ್ಪು. ಆ ಹೊರರೋಮ ಬಿಸಿಲನ್ನೂ ತಡೆಯುವಂಥದಾದುದರಿಂದ, ಒಳಪದರದಲ್ಲಿ ಉದುರಿ ಸಿಕ್ಕಿಕೊಂಡ ಕೂದಲನ್ನು ಬಾಚಿ ತೆಗೆದರೆ ಸಾಕು. ಬೋಳಿಸಿದರೆ ಚರ್ಮ ಸುಡುತ್ತದೆ.

ನಮ್ಮ ನಾಡಿನಲ್ಲಿಯೇ, ಬಾಗಲಕೋಟೆಯ ಮುಧೋಳದಲ್ಲಿ, ನೀಳವಾದ ಮೂತಿ, ಕೃಶವಾದ ಒಡಲು, ಮೈಗೆ ಅಂಟಿಕೊಂಡಂಥ ಗಿಡ್ಡ ರೋಮಗಳಿಂದ ದಖ್ಖನಿನ ಬಿಸಿಲಿಗೆ ಹೊಂದಿಕೊಂಡ ತಳಿಯೊಂದಿದೆ; ೨೦೦೫ರಲ್ಲಿ ಅಂಚೆ ಇಲಾಖೆ ಅದರ ಚಿತ್ರವನ್ನು ಅಂಚೆಚೀಟಿಯ ಮೇಲೆ ಮುದ್ರಿಸಿತು; ಗಡಿಯಾಚೆಯ ಮಹಾರಾಷ್ಟ್ರದವರು ಅದನ್ನೇ ಕಾರವಾನಿ ಎನ್ನುತ್ತಾರೆ. ಆದರೆ ಓಡುವುದಕ್ಕೆಂದೇ ಹುಟ್ಟಿದ ಆ ಬೇಟೆನಾಯಿಯನ್ನು ಒಂದು ಬಿಎಚ್‌ಕೆ ಮನೆಯಲ್ಲಿ ಕೂಡಿಹಾಕುವುದೂ ನ್ಯಾಯವಲ್ಲ. ಈ ಊರಿನ ಬೀದಿಯಲ್ಲಿ ಹುಟ್ಟಿದ ಮರಿಯೊಂದನ್ನು, ತಲೆತಲಾಂತರಗಳಿಂದ ಈ ಸೆಕೆಗೆ ಒಗ್ಗಿದ ಮೈಯುಳ್ಳದ್ದನ್ನು, ಕೈಗೆತ್ತಿಕೊಳ್ಳುವುದೇ ಇಲ್ಲಿ ನಾಯಿ ಸಾಕಬಯಸುವವನಿಗೆ ಎಲ್ಲಕ್ಕಿಂತ ಮೇಲಾದ ದಾರಿ.

ಮನೆಯೊಳಗಿನ ನಾಯಿಯ ದಿನಚರಿಯನ್ನು ನಮ್ಮಲ್ಲಿ ನಿರ್ಧರಿಸುವುದು ಮಧ್ಯರೈಲ್ವೆಯ ವೇಳಾಪಟ್ಟಿ. ಏಳೂವರೆಗೆ ಹೊರಟವರು ಮರಳುವುದು ರಾತ್ರಿ ಎಂಟಕ್ಕೆ. ಮನೆ ಕೊಳೆಯಾದೀತೆಂದು ನಾಯಿಯನ್ನು ಪಡುವಣ ಬಾಲ್ಕನಿಯಲ್ಲಿ ಕಟ್ಟಿಹೋಗುವ ಪದ್ಧತಿ ನಾನು ಬಲ್ಲ ಹಲವು ಮನೆಗಳಲ್ಲಿದೆ. ಕಬ್ಬಿಣದ ಗ್ರಿಲ್ಲು, ತಗಡಿನ ಮುಚ್ಚಿಗೆ, ಮೂರು ಗಂಟೆಯ ಬಳಿಕ ನೇರವಾಗಿ ಹಾಯುವ ಬಿಸಿಲು, ಮಗುಚಿಬಿದ್ದ ನೀರಿನ ಬಟ್ಟಲು: ಇಷ್ಟರ ನಡುವೆ ಕಟ್ಟಿಹಾಕಿದ ಜೀವ ಬೊಗಳಿದರೆ ನೆರೆಯವರು ಅದನ್ನೇ ದೂರುತ್ತಾರೆ. ಬಚ್ಚಲಿನ ಬಾಗಿಲನ್ನು ತೆರೆದಿಟ್ಟು, ಒದ್ದೆ ನೆಲದ ಮೇಲೆ ಮಲಗಗೊಟ್ಟು, ಮಗುಚದಂಥ ಭಾರವಾದ ಮಣ್ಣಿನ ಪಾತ್ರೆಗಳಲ್ಲಿ ಎರಡು ಕಡೆ ನೀರಿಟ್ಟು ಹೋಗುವುದಕ್ಕೆ ಹೆಚ್ಚೇನೂ ಬೇಕಾಗಿಲ್ಲ. ಫ್ಯಾನು ಹಾಕಿದ್ದೇವೆಂಬ ನಂಬಿಕೆ ಮಾತ್ರ ಸಾಲದು. ಬೆವರದ ಮೈಗೆ ಬರಿಯ ಗಾಳಿಯಿಂದ ಪ್ರಯೋಜನ ಕಡಿಮೆ. ಹೊಟ್ಟೆಯನ್ನೂ ಪಾದಗಳನ್ನೂ ನೆನೆಸಿದ ಮೇಲೆಯೇ ಫ್ಯಾನಿನ ಗಾಳಿ ನಾಯಿಗೆ ತಂಪಾಗುವುದು. ತಿರುಗಾಟ ಬೆಳಗಿನ ಆರೂವರೆಯೊಳಗೆ ಮುಗಿಯತಕ್ಕುದು. ಸಂಜೆ ಸೂರ್ಯ ಮುಳುಗಿದನೆಂದು ಅವಸರಪಡುವುದೂ ತರವಲ್ಲ. ಮಧ್ಯಾಹ್ನ ೫೫–೬೦ ಡಿಗ್ರಿಯವರೆಗೆ ಕಾಯ್ದ ಡಾಮರು ಹೀರಿದ ಕಾವನ್ನು ರಾತ್ರಿ ಎಂಟು ಒಂಬತ್ತರವರೆಗೂ ಬಿಡುತ್ತಲೇ ಇರುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ಊರಿ ಏಳರವರೆಗೆ ಎಣಿಸಿ ನೋಡಬೇಕು. ನಮ್ಮ ಕೈ ತಾಳದ ನೆಲವನ್ನು ಅದರ ಕಾಲೂ ತಾಳದು. ಅಂಗಡಿಗೆ ಹೋಗಿಬರುತ್ತೇನೆಂದು ಕಾರಿನಲ್ಲಿ ಬಿಟ್ಟುಹೋಗುವುದನ್ನಂತೂ ಎಂದಿಗೂ ಮಾಡಕೂಡದು. ಗಾಜನ್ನು ಬೆರಳಗಲ ಇಳಿಸಿದ್ದರೂ ಹತ್ತೇ ನಿಮಿಷಗಳಲ್ಲಿ ಒಳಗಿನ ಉಷ್ಣತೆ ಹತ್ತು ಡಿಗ್ರಿ ಏರುತ್ತದೆ.

ನಮ್ಮವರು ಪ್ರೀತಿಯಿಂದ ಮಾಡುವ ಎರಡು ತಪ್ಪುಗಳನ್ನೂ ಇಲ್ಲಿ ಹೇಳಿಬಿಡುತ್ತೇನೆ. ಮೊಸರನ್ನವನ್ನೂ ನೀರುಮಜ್ಜಿಗೆಯನ್ನೂ ನಾಯಿಗೆ ಹಾಕುವುದು ಒಳ್ಳೆಯದೇ. ಆದರೆ ನಮಗೆಂದು ಈರುಳ್ಳಿ ಹೆಚ್ಚಿಹಾಕಿ ಉಪ್ಪು ಬೆರೆಸಿದುದನ್ನೇ ಅದರ ತಟ್ಟೆಗೂ ಬಗ್ಗಿಸಬಾರದು. ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಹಾಗೆಯೇ ಆಪೂಸಿನ ಕಾಲದಲ್ಲಿ ಹಣ್ಣು ತಿಂದು ಗೊರಟನ್ನು ಚೀಪಲೆಂದು ನಾಯಿಯ ಮುಂದೆ ಎಸೆಯುವುದುಂಟು. ನುಂಗಿದ ಗೊರಟು ಕರುಳಿನಲ್ಲಿ ಸಿಕ್ಕಿ ಶಸ್ತ್ರಚಿಕಿತ್ಸೆಯವರೆಗೆ ಒಯ್ದೀತು.

ನಾಯಿಗೆ ನೀರು ನೆರಳುಗಳನ್ನೊದಗಿಸುವುದು ಕಾನೂನಿನ ದೃಷ್ಟಿಯಿಂದಲೂ ಬರಿಯ ದಯೆಯ ಪ್ರಶ್ನೆಯಲ್ಲ. ನೃತ್ಯಕಲೆಗೆ ತಮ್ಮ ಬಾಳನ್ನು ಮೀಸಲಾಗಿಟ್ಟ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಖಾಸಗಿ ಮಸೂದೆಯೊಂದನ್ನು ತಂದು ಹೋರಾಡಿದುದರ ಫಲವಾಗಿ ೧೯೬೦ರಲ್ಲಿ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ರೂಪುಗೊಂಡಿತು. ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ, ನೀರು, ಆಶ್ರಯಗಳನ್ನು ಒದಗಿಸದಿರುವುದನ್ನು ಅದರ ಹನ್ನೊಂದನೆಯ ವಿಧಿ ಅಪರಾಧವೆಂದು ಸಾರುತ್ತದೆ. ಮೊದಲನೆಯ ಅಪರಾಧಕ್ಕೆ ಅಂದು ವಿಧಿಸಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಅರವತ್ತು ವರ್ಷಗಳ ಬಳಿಕವೂ ಅದು ಅಷ್ಟೇ ಇರುವುದನ್ನು ನೋಡಿದರೆ ಮನಸ್ಸು ನೋಯುತ್ತದೆ.

ಮನೆಯ ನಾಯಿಗೆ ಒಬ್ಬ ಒಡೆಯನಿದ್ದಾನೆ. ಬೀದಿಯ ನಾಯಿಗೆ ನೀರಿಡುವವರಾರು? ಕಾರ್ಕಳದ ಸಮೀಪದ ನನ್ನ ಹುಟ್ಟೂರಿನಲ್ಲಿ ಬಾವಿಕಟ್ಟೆಯ ಮಗ್ಗುಲಿಗೆ ಕಲ್ಲಿನ ಮರಿಗೆಯೊಂದಿತ್ತು. ಸೇದಿದವರು ಕೊನೆಯ ಕೊಡವನ್ನು ಅದಕ್ಕೆ ಹೊಯ್ದೇ ಮನೆಗೆ ಹೋಗಬೇಕು. ದನ, ನಾಯಿ, ಕಾಗೆ ಯಾವುದು ಕುಡಿದರೂ ಕೇಳುವವರಿರಲಿಲ್ಲ. ದಾರಿಹೋಕರಿಗಾಗಿ ಅರವಟ್ಟಿಗೆಯನ್ನಿಡುವುದು ಕನ್ನಡಿಗರ ಪುರಾತನ ಧರ್ಮ. ನಾಯಿಯ ವಿಷಯದಲ್ಲಿ ನಮ್ಮ ಹಿರಿಯರು ತೋರಿದ ಗೌರವಕ್ಕೆ ಶಿಲಾಸಾಕ್ಷಿಯೇ ಇದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ‘ಬೇಕಾದುದನ್ನು ಬೇಡು’ ಎಂದು ಗಂಗರ ದೊರೆ ಬೂತುಗನು ಹೇಳಿದಾಗ, ಆ ವೀರನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ತಾನೂ ಮಡಿದಾಗ, ಅದಕ್ಕಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಟ್ಟರು. ೯೪೯–೯೫೦ರ ಕಾಲದ ಆ ಆತಕೂರಿನ ಶಾಸನವನ್ನು ಇಂದೂ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ನಾವು ಬಂದು ನೆಲೆಸಿರುವ ಈ ನಾಡೂ ಹಿಂದೆ ಬಿದ್ದಿಲ್ಲ: ೧೮೩೨ರಲ್ಲಿ ಮುಂಬಯಿಯ ಬ್ರಿಟಿಷ್ ಅಧಿಕಾರಿಗಳು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರಸಿಗಳು ಪೇಟೆಯನ್ನೇ ಮುಚ್ಚಿಸಿ ಪ್ರತಿಭಟಿಸಿದರು.

ಬೀದಿನಾಯಿಗಳ ಸಂಖ್ಯೆ, ಕಡಿತ, ಹುಚ್ಚುರೋಗಗಳ ಭಯ ನಿಜವಾದುದು. ೨೦೨೫ರಲ್ಲಿ ಅದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದುದನ್ನು ಎಲ್ಲರೂ ಬಲ್ಲರು. ಅದಕ್ಕೆ ಪರಿಹಾರ ಲಸಿಕೆ, ಸಂತಾನಹರಣ ಚಿಕಿತ್ಸೆಗಳೇ ಹೊರತು ಬಾಯಾರಿಕೆಯಲ್ಲ. ಬಿಸಿಲು ಹೆಚ್ಚಿದ ದಿನಗಳಲ್ಲಿ ನಾಯಿಕಡಿತವೂ ಹೆಚ್ಚುವುದನ್ನು ಅಮೆರಿಕದ ಎಂಟು ನಗರಗಳ ದಾಖಲೆಗಳಿಂದ ಸಂಶೋಧಕರು ೨೦೨೩ರಲ್ಲಿ ತೋರಿಸಿದ್ದಾರೆ; ಕುಡಿಯಲು ನೀರೂ ಮಲಗಲು ನೆರಳೂ ದೊರೆತ ನಾಯಿ ನಮ್ಮ ಮಕ್ಕಳಿಗೂ ಕ್ಷೇಮವೆಂದು ನಾನು ನಂಬುತ್ತೇನೆ. ಆದುದರಿಂದ ನೀರಿಡುವ ಈ ಕೆಲಸವನ್ನು ಕಟ್ಟಡಕ್ಕೊಬ್ಬರಂತೆ ಇರುವ ಕರುಣಾಳು ಗೃಹಿಣಿಯರ ಪಾಲಿಗೆ ಬಿಡದೆ, ಪಂಪು ದೀಪಗಳ ನಿರ್ವಹಣೆಯಂತೆ ಸೊಸೈಟಿಯ ಕೆಲಸಗಳಲ್ಲಿ ಸೇರಿಸಬೇಕು. ೨೦೨೩ರ ಪ್ರಾಣಿಸಂತಾನ ನಿಯಂತ್ರಣ ನಿಯಮಗಳು ಆವರಣದ ನಾಯಿಗಳ ಆಹಾರವ್ಯವಸ್ಥೆಯನ್ನು ನಿವಾಸಿಗಳ ಸಂಘಕ್ಕೇ ವಹಿಸಿವೆ. ಈ ಊರುಗಳಲ್ಲಿ ನಮ್ಮ ಜನ ನಡೆಸುವ ಹೋಟೆಲುಗಳ ಹಿಂಬಾಗಿಲಿನಲ್ಲಿ ಒಂದೊಂದು ಮರಿಗೆ ಇಟ್ಟರೂ ಎಷ್ಟೋ ಓಣಿಗಳಿಗೆ ನೀರು ದೊರೆತೀತು.

ಕಳೆದ ಏಪ್ರಿಲಿನ ಸೊಸೈಟಿಯ ಸಭೆಯಲ್ಲಿ ನಾನು ಈ ಮಾತನ್ನೆತ್ತಿದಾಗ, ಸೊಳ್ಳೆಯಾಗುತ್ತದೆ, ಡೆಂಗಿ ಬರುತ್ತದೆ ಎಂಬ ಆಕ್ಷೇಪ ಬಂತು. ಅದು ತಳ್ಳಿಹಾಕುವ ಮಾತಲ್ಲ. ಸೊಳ್ಳೆಯ ಮೊಟ್ಟೆ ರೆಕ್ಕೆಯಾಗಿ ಹಾರುವುದಕ್ಕೆ ಒಂದು ವಾರದಷ್ಟಾದರೂ ಬೇಕು. ದಿನವೂ ನೀರು ಚೆಲ್ಲಿ, ಮೊಟ್ಟೆ ಅಂಟುವ ಅಂಚನ್ನು ನಾರಿನಿಂದ ಉಜ್ಜಿ ತೊಳೆದರೆ ಆ ಭಯವಿಲ್ಲ. ಯಾರು ಉಜ್ಜುವವರೆಂಬ ಪ್ರಶ್ನೆಗೆ, ಸಾತಾರಾ ಕಡೆಯಿಂದ ಬಂದ ನಮ್ಮ ಹಿರಿಯ ವಾಚ್‌ಮನ್, ಎಲ್ಲರೂ ಕಾಕಾ ಎಂದು ಕರೆಯುವ ಅವರು, ಬಾಗಿಲಲ್ಲಿ ನಿಂತಿದ್ದಂತೆಯೇ ಕೈಯೆತ್ತಿದರು. ಮರುವಾರ ಒಂದು ಸಿಮೆಂಟಿನ ತೊಟ್ಟಿ ಬಂತು. ಮಕ್ಕಳು ಆಡುವ ಜಾಗದಿಂದ ದೂರವಾಗಿ, ಹಿಂಬದಿಯ ಓಣಿಯ ಬಾಯಲ್ಲಿ, ಹೊಂಗೆಯ ನೆರಳಿನಲ್ಲಿ ಅದನ್ನಿಟ್ಟರು. ನಸುಕಿನಲ್ಲಿ ನಲ್ಲಿನೀರು ಬಂದೊಡನೆ ಕಾಕಾ ಅದನ್ನು ಬಗ್ಗಿಸಿ, ತೆಂಗಿನ ನಾರಿನಿಂದ ತಿಕ್ಕಿ, ಹೊಸನೀರು ತುಂಬುತ್ತಾರೆ. ಕಂದುನಾಯಿ ಮೊದಲ ಮೂರು ದಿನ ಅದರ ಬಳಿ ಸುಳಿಯಲಿಲ್ಲ. ನಾಲ್ಕನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಬಂದು, ತೊಟ್ಟಿಯ ಸುತ್ತ ಎರಡು ಸಲ ತಿರುಗಿ, ಬಹಳ ಹೊತ್ತು ಕುಡಿಯಿತು. ಕುಡಿದಾದ ಮೇಲೆ ಬಲದ ಮುಂಗಾಲನ್ನೆತ್ತಿ ನೀರಿನೊಳಗಿಟ್ಟು, ಹಾಗೆಯೇ ನಿಂತಿತು.